ಸವೆದ ಹೆಸರು, ಹೊದಿಸಿದ ಹೆಸರು

ಅಕ್ಕನ ಮಗ ಎಂಟನೇ ಇಯತ್ತೆಯಲ್ಲಿದ್ದಾನೆ. ಶಾಲೆಯಲ್ಲಿ ‘ನನ್ನ ದೇಶದ ಹೆಸರು’ ಎಂದು ಪ್ರಬಂಧ ಬರೆದು ತರಲು ಹೇಳಿದ್ದರು. ಬರೆದದ್ದನ್ನು ತಂದು ನನ್ನ ಕೈಗಿಟ್ಟ. ಮೊದಲ ಸಾಲೇ ಹೀಗಿತ್ತು: ‘ಇಂಡಿಯಾ ಎಂಬುದು ಬ್ರಿಟಿಷರು ನಮಗಿಟ್ಟ ಹೆಸರು.’ ನಾನು ಆ ಸಾಲನ್ನೇ ನೋಡುತ್ತ ಸುಮ್ನೆ ಕೂತೆ.

“ಯಾಕ ಮಾಮಾ, ಖರೆ ಅಲ್ಲೇನು?” ಎಂದ.

“ಅಲ್ಲಪಾ” ಎಂದೆ.

“ಮತ್ತ ಯಾರು ಇಟ್ಟರು?”

ಒಂದು ಮಾತಿನಲ್ಲಿ ಉತ್ತರ ಕೊಡಲು ನನಗೆ ಆಗಲಿಲ್ಲ. ಹುಡುಗನದು ತಪ್ಪೂ ಅಲ್ಲ. 2023ರ ಸೆಪ್ಟೆಂಬರ್‌ನಲ್ಲಿ ದೆಹಲಿಯಲ್ಲಿ ಜಿ-20 ಸಭೆ ನಡೆದಾಗ ರಾಷ್ಟ್ರಪತಿಗಳ ಔತಣದ ಇಂಗ್ಲಿಷ್ ಆಮಂತ್ರಣದಲ್ಲಿ ‘ಪ್ರೆಸಿಡೆಂಟ್ ಆಫ್ ಭಾರತ್’ ಎಂದು ಅಚ್ಚಾಗಿತ್ತು. ಪ್ರಧಾನಿಯವರ ಮುಂದಿನ ಫಲಕದಲ್ಲೂ ಭಾರತ್ ಎಂದೇ ಇತ್ತು. ಅಲ್ಲಿಂದ ಈ ಮಾತು ಟಿವಿಯಲ್ಲಿ, ಮೊಬೈಲಿನಲ್ಲಿ, ಚಹಾದಂಗಡಿಯಲ್ಲಿ ಮತ್ತೆ ಮತ್ತೆ ಏಳುತ್ತದೆ. ಇಂಡಿಯಾ ಗುಲಾಮಗಿರಿಯ ಹೆಸರು ಎಂದು ಒಬ್ಬರು. ಭಾರತ ಎಂದು ಬರೆಯುವುದೇ ರಾಜಕೀಯ ಎಂದು ಇನ್ನೊಬ್ಬರು. ಇಬ್ಬರೂ ತಪ್ಪು ಎಂಬುದು ನನ್ನ ನಂಬಿಕೆ. ಹಾಗೆ ನಂಬಲು ಕಾರಣ ನಾನು ಹುಟ್ಟಿ ಬೆಳೆದ ಈ ಸೀಮೆ. ಹೆಸರಿನ ವಿಷಯದಲ್ಲಿ ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಂಡಷ್ಟನ್ನು ಬೇರೆಯವರು ಕಂಡಿರುವುದು ಕಡಿಮೆ.

2014ರ ನವೆಂಬರ್ 1ರಂದು ಕರ್ನಾಟಕದ 12 ಊರುಗಳ ಹೆಸರು ಬದಲಾಯಿತು. ನಮ್ಮೂರೂ ಅದರಲ್ಲಿತ್ತು. ಆದರೆ ನಿಜವಾಗಿ ಬದಲಾದದ್ದು ಏನು? ಕನ್ನಡದಲ್ಲಿ ನಾವು ಮೊದಲೂ ಬೆಳಗಾವಿ ಎಂದೇ ಬರೆಯುತ್ತಿದ್ದೆವು. ಮರಾಠಿ ಮಾತನಾಡುವ ನಮ್ಮ ನೆರೆಮನೆಯವರು ಅಂದೂ ಬೆಳಗಾವ ಎನ್ನುತ್ತಿದ್ದರು, ಇಂದೂ ಹಾಗೇ ಅನ್ನುತ್ತಾರೆ. ಬದಲಾದದ್ದು ಇಂಗ್ಲಿಷ್ ಮಾತ್ರ. ಬೆಲ್‌ಗಾಮ್ ಎಂದು ಬರೆಯುತ್ತಿದ್ದ ಕಡೆ ನಮ್ಮ ಬಾಯಿಯ ಉಚ್ಚಾರ ಬಂದು ಕೂತಿತು. ಶಾಸನಗಳಲ್ಲಿ ಈ ಊರು ವೇಣುಗ್ರಾಮ, ಬಿದಿರಿನ ಹಳ್ಳಿ. ರಟ್ಟ ಅರಸರ ಕಾಲಕ್ಕೆ ಇದು ರಾಜಧಾನಿ. ಕೋಟೆಯೊಳಗಿನ ಕಮಲ ಬಸದಿ ಎದ್ದದ್ದು 1204ರಲ್ಲಿ. ಆ ಬಸದಿ ಇಷ್ಟೆಲ್ಲ ಹೆಸರುಗಳನ್ನು ಕೇಳಿಸಿಕೊಂಡು ಅಲ್ಲೇ ನಿಂತಿದೆ.

ವಿಜಯಪುರದ್ದು ಇನ್ನೂ ಸ್ವಾರಸ್ಯದ ಕಥೆ. ಬಿಜಾಪುರ ಎಂಬುದು ಹೊರಗಿನವರು ತಂದ ಹೆಸರು, ವಿಜಯಪುರ ನಮ್ಮದು ಎಂದು ಎಷ್ಟೋ ಜನ ತಿಳಿದಿದ್ದಾರೆ. ಎರಡೂ ಒಂದೇ ಹೆಸರು. ಕನ್ನಡಕ್ಕೆ ಮೊದಲಿನಿಂದಲೂ ‘ವ’ವನ್ನು ‘ಬ’ ಮಾಡುವ ರೂಢಿ ಇದೆ. ವಸತಿ ಬಸದಿಯಾಯಿತು, ವರ್ಷ ಬರಿಸವಾಯಿತು. ಬಾದಾಮಿಯ ಜಾತ್ರೆಗೆ ಹೋಗುವವರು ವನಶಂಕರಿಯನ್ನು ಬನಶಂಕರಿ ಎಂದೇ ಕರೆಯುತ್ತಾರೆ. ಹಳಗನ್ನಡದ ಕವಿಗಳು ರಾಜ ದಯಮಾಡಿಸಿದ ಎನ್ನಲು ‘ಬಿಜಯಂಗೆಯ್ದಂ’ ಎಂದು ಬರೆದರು. ಆ ಬಿಜಯವೇ ಬಿಜಾಪುರದ ಬಿಜ. ಉತ್ತರದ ನುಡಿಗಳಲ್ಲೂ ಇದೇ ಆಗಿದೆ, ವಂಗ ಬಂಗಾಳವಾಗಿದೆ. ಆದಿಲ್‌ಶಾಹಿಗಳ ಫಾರಸಿ ಬರಹದಲ್ಲಿ ಬಿಜಾಪುರ ಎಂದು ಇತ್ತು ನಿಜ. ಅದರೊಳಗೆ ವಿಜಯ ಹಾಗೇ ಇತ್ತು. ಬಾಯಿಂದ ಬಾಯಿಗೆ ದಾಟಿ ಹೆಸರು ಸವೆದಿತ್ತು, ಅಷ್ಟೇ. ಹೊಳೆಯಲ್ಲಿ ಉರುಳಿದ ಕಲ್ಲು ಗುಂಡಗಾಗುವ ಹಾಗೆ.

ಇಂಡಿಯಾ ಎಂಬುದೂ ಹೀಗೆ ಸವೆದ ಹೆಸರು. ಕನ್ನಡಿಗರಿಗೆ ಇದನ್ನು ಅರ್ಥ ಮಾಡಿಸುವುದು ಬಹಳ ಸುಲಭ. ನಮ್ಮ ಭಾಷೆಯಲ್ಲೇ ಅದರ ನಡಿಗೆ ಕೇಳಿಸುತ್ತದೆ.

ಹಳಗನ್ನಡದಲ್ಲಿ ‘ಪಾಲ್’ ಇತ್ತು. ನಡುವೆ ‘ಪ’ ಹೋಗಿ ‘ಹ’ ಬಂತು, ಹಾಲು ಆಯಿತು. ಪುಲಿ ಹುಲಿಯಾಯಿತು, ಪಳ್ಳಿ ಹಳ್ಳಿಯಾಯಿತು. ರಾಜ್ಯದ ದಕ್ಷಿಣದ ಕೆಲವು ಕಡೆ ಆಡುಮಾತಿನಲ್ಲಿ ‘ಹ’ ಕೂಡ ಬಿದ್ದು ‘ಆಲು’ ಎನ್ನುತ್ತಾರೆ. ಪಾಲು, ಹಾಲು, ಆಲು. ಈ ಮೂರು ಹೆಜ್ಜೆಯನ್ನು ನೆನಪಿಟ್ಟುಕೊಳ್ಳಿ.

ಈಗ ಸಿಂಧೂ ನದಿಯ ದಡಕ್ಕೆ ಹೋಗೋಣ. ಸಿಂಧು ಎಂದರೆ ಸಂಸ್ಕೃತದಲ್ಲಿ ನದಿ. ಪಶ್ಚಿಮಕ್ಕೆ ಪರ್ಷಿಯದವರು. ಅವರ ಬಾಯಲ್ಲಿ ನಮ್ಮ ‘ಸ’ ಎಷ್ಟೋ ಕಡೆ ‘ಹ’ ಆಗುತ್ತದೆ. ನಂಬಿಕೆ ಬರದಿದ್ದರೆ ನಮ್ಮ ಹಳ್ಳಿಯಲ್ಲೇ ಸಾಕ್ಷಿ ಇದೆ. ಗುಡಿಯಲ್ಲಿ ಏಳು ದಿನ ಭಜನೆ ಮಾಡಿದರೆ ಅದು ಸಪ್ತಾಹ. ಸಂಘದ ಸಾಲದ ಕಂತು ಕಟ್ಟುವುದು ಹಫ್ತಾ. ಎರಡರಲ್ಲೂ ಇರುವುದು ಏಳು. ನಾವು ಸಪ್ತ ಎಂದದ್ದು ಅವರಲ್ಲಿ ಹಫ್ತ್. ಪಾರಸಿಗಳ ಪವಿತ್ರ ಗ್ರಂಥ ಅವೆಸ್ತಾದಲ್ಲಿ ‘ಹಪ್ತ ಹೆಂದು’ ಎಂಬ ಮಾತು ಬರುತ್ತದೆ. ಅದು ಋಗ್ವೇದದ ಸಪ್ತಸಿಂಧು. ಸುಮಾರು 2500 ವರ್ಷಗಳ ಹಿಂದೆ ಪರ್ಷಿಯದ ದೊರೆ ದಾರಿಯಸ್ ತನ್ನ ಆಳ್ವಿಕೆಯ ನಾಡುಗಳ ಪಟ್ಟಿಯನ್ನು ಕಲ್ಲಿನಲ್ಲಿ ಕೆತ್ತಿಸಿದ. ಅದರಲ್ಲಿ ಸಿಂಧೂ ಕಣಿವೆಯ ಹೆಸರು ‘ಹಿಂದು’ ಎಂದು ಇದೆ. ಆಗ ಅದು ಧರ್ಮದ ಹೆಸರಾಗಿರಲಿಲ್ಲ. ಒಂದು ಸೀಮೆಯ ಹೆಸರು, ಹೊಳೆಯ ಹೆಸರು.

ಮೂರನೇ ಹೆಜ್ಜೆ ಗ್ರೀಕರದು. ಪರ್ಷಿಯದ ಗಡಿಗೆ ಹತ್ತಿರವಿದ್ದ ಅಯೋನಿಯದ ಗ್ರೀಕರ ನುಡಿಯಲ್ಲಿ ಪದದ ಮೊದಲ ‘ಹ’ ನಿಲ್ಲುತ್ತಿರಲಿಲ್ಲ. ಹಾಲು ಆಲು ಆದಂತೆ ಹಿಂದು ‘ಇಂದೋಸ್’ ಆಯಿತು. ಕ್ರಿಸ್ತಪೂರ್ವ 5ನೇ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಆ ಹೆಸರಿನಲ್ಲಿ ನಮ್ಮ ಬಗ್ಗೆ ಬರೆದ. ಚಂದ್ರಗುಪ್ತ ಮೌರ್ಯನ ಆಸ್ಥಾನಕ್ಕೆ ಬಂದ ಮೆಗಾಸ್ತನೀಸ್ ತನ್ನ ಪುಸ್ತಕವನ್ನು ‘ಇಂಡಿಕಾ’ ಎಂದು ಕರೆದ. ಅದು ಲ್ಯಾಟಿನ್‌ಗೆ ಹೋಗಿ ಇಂಡಿಯಾ ಆಯಿತು. ಸಿಂಧು, ಹಿಂದು, ಇಂದು. ಪಾಲು, ಹಾಲು, ಆಲು. ಲೆಕ್ಕ ಸರಿಹೋಯಿತಲ್ವಾ?

ಅದೇ ಅಯೋನಿಯದವರನ್ನು ನಾವು ‘ಯವನರು’ ಎಂದು ಕರೆದೆವು. ಅವರು ನಮ್ಮ ಹೆಸರನ್ನು ಸವೆಸಿದರೆ ನಾವು ಅವರದ್ದನ್ನು ಸವೆಸಿದೆವು. ಇದರಲ್ಲಿ ಯಾರಿಗೂ ಅವಮಾನವಿಲ್ಲ.

ಬ್ರಿಟಿಷರ ಮಾತಿಗೆ ಬಂದರೆ ಒಂದೇ ಸಂಗತಿ ಸಾಕು. ಈಸ್ಟ್ ಇಂಡಿಯಾ ಕಂಪನಿ ಲಂಡನ್‌ನಲ್ಲಿ ಹುಟ್ಟಿದ್ದು 1600ರಲ್ಲಿ. ಆಗ ಅವರಿಗೆ ಇಲ್ಲಿ ಒಂದು ಗೋದಾಮೂ ಇರಲಿಲ್ಲ. ಹೆಸರು ಮಾತ್ರ ಮೊದಲೇ ಇತ್ತು. ಅದಕ್ಕೂ ನೂರು ವರ್ಷ ಮೊದಲು, 1492ರಲ್ಲಿ, ಕೊಲಂಬಸ್ ಇಂಡಿಯಾವನ್ನೇ ಹುಡುಕುತ್ತ ಹೋಗಿ ಬೇರೆ ದ್ವೀಪಗಳಿಗೆ ಮುಟ್ಟಿದ. ಆ ದ್ವೀಪಗಳು ಇಂದಿಗೂ ವೆಸ್ಟ್ ಇಂಡೀಸ್. ನಮ್ಮ ಹುಡುಗನಿಗೆ ಕ್ರಿಕೆಟ್ ಎಂದರೆ ಪ್ರಾಣ. ಈ ಮಾತು ಕೇಳಿ ಅವನ ಕಣ್ಣು ಅರಳಿತು.

ಪೂರ್ವದ ಕಡೆಯ ಕಥೆ ನಮಗೆ ಇನ್ನೂ ಹತ್ತಿರದ್ದು. ಚೀನಾದವರು ನಮ್ಮ ದೇಶವನ್ನು ಮೊದಲು ‘ಶೆಂದು’, ಆಮೇಲೆ ‘ತಿಯಾನ್‌ಝು’ ಎನ್ನುತ್ತಿದ್ದರು. 7ನೇ ಶತಮಾನದಲ್ಲಿ ಯಾತ್ರಿಕ ಹ್ಯೂಯೆನ್‌ತ್ಸಾಂಗ್ ಬಂದ. ಊರೂರು ತಿರುಗಿ ಹಿಂತಿರುಗಿದ ಮೇಲೆ, ಹಳೆಯ ಹೆಸರುಗಳಲ್ಲಿ ಗೊಂದಲವಿದೆ, ಸರಿಯಾದ ಉಚ್ಚಾರ ‘ಯಿಂದು’ ಎಂದು ಬರೆದ. ಯಿಂದು ಎಂದರೆ ಚಂದ್ರ ಎಂಬ ವಿವರಣೆಯನ್ನೂ ಕೊಟ್ಟ. ಸಂಸ್ಕೃತದ ‘ಇಂದು’ ಅವನ ಕಿವಿಯಲ್ಲಿತ್ತು. ವ್ಯುತ್ಪತ್ತಿ ತಪ್ಪು. ಆದರೆ ಎಂಥ ಚೆಂದದ ತಪ್ಪು! ಇಂದಿಗೂ ಚೀನೀ ಭಾಷೆಯಲ್ಲಿ ನಮ್ಮ ದೇಶ ಯಿಂದು. ಈ ಹ್ಯೂಯೆನ್‌ತ್ಸಾಂಗ್ 640ರ ಸುಮಾರಿಗೆ ಇಮ್ಮಡಿ ಪುಲಕೇಶಿಯ ರಾಜ್ಯಕ್ಕೂ ಬಂದಿದ್ದ. ಹರ್ಷನಿಗೆ ಮಣಿಯದ ದೊರೆ ಎಂದು ಪುಲಕೇಶಿಯ ಬಗ್ಗೆ ಬರೆದ. ಅದೇ ಮಾತು 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿಯ ಕಾವ್ಯವಾಗಿ ಇದೆ. ಮೇಗುಟಿ ಗುಡ್ಡ ಹತ್ತಿದರೆ ಇಂದಿಗೂ ಕಾಣುತ್ತದೆ. ಚೀನಾ ಭಾಷೆಯಲ್ಲಿ ನಮ್ಮ ದೇಶದ ಹೆಸರನ್ನು ತಿದ್ದಿದ ಮನುಷ್ಯ ಬಾದಾಮಿ ಚಾಲುಕ್ಯರ ನೆಲವನ್ನು ತುಳಿದಿದ್ದ ಎಂದು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಅರಬರಿಗೆ ನಾವು ‘ಹಿಂದ್’. ನಮ್ಮ ಹುಣಸೆಹಣ್ಣು ಅವರಿಗೆ ‘ತಮರ್ ಹಿಂದಿ’, ಅಂದರೆ ಹಿಂದ್ ದೇಶದ ಖರ್ಜೂರ. ಇಂಗ್ಲಿಷಿನ ಟ್ಯಾಮರಿಂಡ್ ಅಲ್ಲಿಂದಲೇ ಬಂತು. ಹೀಬ್ರೂ ಭಾಷೆಯಲ್ಲಿ ನಾವು ‘ಹೋದು’. ತುರ್ಕರಿಗೆ ‘ಹಿಂದಿಸ್ತಾನ್’. ಅಮೆರಿಕದಿಂದ ಬಂದ ದೊಡ್ಡ ಕೋಳಿಯೊಂದನ್ನು ಇಂಗ್ಲಿಷರು ಟರ್ಕಿ ಎಂದರು. ಅದೇ ಕೋಳಿ ತುರ್ಕರಿಗೆ ‘ಹಿಂದಿ’. ಕೋಳಿ ಎಲ್ಲಿಂದ ಬಂತೆಂದು ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ದೂರದ ದೇಶದ ಹೆಸರು ಹಚ್ಚಿಬಿಟ್ಟರು.

ಹಿಂದೂಸ್ತಾನ ಎಂಬ ಹೆಸರಿಗೂ ನಮ್ಮ ಸೀಮೆಗೂ ನಂಟಿದೆ. ಫರಿಶ್ತಾ ಎಂದು ಹೆಸರಾದ ಇತಿಹಾಸಕಾರ ಕ್ಯಾಸ್ಪಿಯನ್ ಸಮುದ್ರದ ಕಡೆ ಹುಟ್ಟಿದವನು. ಅವನು ಹಿಂದೂಸ್ತಾನದ ದೊಡ್ಡ ಚರಿತ್ರೆಯನ್ನು ಬರೆದದ್ದು ದೆಹಲಿಯಲ್ಲಲ್ಲ. ವಿಜಯಪುರದಲ್ಲಿ, ಎರಡನೇ ಇಬ್ರಾಹಿಂ ಆದಿಲ್‌ಶಾಹನ ಆಶ್ರಯದಲ್ಲಿ, 17ನೇ ಶತಮಾನದ ಆರಂಭಕ್ಕೆ. ಅವನ ಪೂರ್ತಿ ಹೆಸರು ಮುಹಮ್ಮದ್ ಕಾಸಿಂ ಹಿಂದೂ ಶಾಹ. ಆದರೆ ದಖ್ಖನಿನ ಜನ ದಿನದ ಮಾತಿನಲ್ಲಿ ಹಿಂದೂಸ್ತಾನ ಎಂದರೆ ಹೆಚ್ಚಾಗಿ ನರ್ಮದೆಯ ಆಚೆಗಿನ ನಾಡು ಎಂದೇ ತಿಳಿಯುತ್ತಿದ್ದರು. ಒಂದೇ ಹೆಸರು, ಹೇಳುವವನು ಎಲ್ಲಿ ನಿಂತಿದ್ದಾನೋ ಅದರ ಮೇಲೆ ಅರ್ಥ. (ನಮ್ಮ ಇಂಡಿ ತಾಲ್ಲೂಕಿಗೂ ಇಂಡಿಯಾಕ್ಕೂ ಸಂಬಂಧವಿದೆಯಾ ಎಂದು ಹುಡುಗ ಕೇಳಿದ. ಇಲ್ಲ. ಇಂಡಿಗೆ ನಿಂಬೆಹಣ್ಣಿನ ಹೆಸರೇ ಸಾಕು.)

ಇನ್ನು ಭಾರತ. ಇದು ಹೊರಗಿನವರು ಕರೆದದ್ದಲ್ಲ, ಒಳಗಿನಿಂದ ಬಂದದ್ದು. ಇದರ ಬೇರು ಒಂದೇ ಅಲ್ಲ. ಋಗ್ವೇದದಲ್ಲಿ ಭರತರು ಎಂಬ ಒಂದು ಜನ ಇದ್ದಾರೆ. ಮಹಾಭಾರತದಲ್ಲಿ ದುಷ್ಯಂತ ಶಕುಂತಲೆಯರ ಮಗ ಭರತ. ಜೈನರಿಗೆ ಈ ಭರತನೇ ಬೇರೆ. ಆದಿನಾಥನ ಹಿರಿಮಗ, ಬಾಹುಬಲಿಯ ಅಣ್ಣ. ಕ್ರಿ.ಶ. 941ರಲ್ಲಿ ಪಂಪ ಆದಿಪುರಾಣದಲ್ಲಿ ಹೇಳಿದ್ದು ಆ ಭರತನ ಕಥೆಯನ್ನೇ. ಬೆಳಗಾವಿ ಜಿಲ್ಲೆಯ ಜೈನ ರೈತರ ಮನೆಯಲ್ಲಿ ಕೇಳಿ ನೋಡಿ, ಭಾರತ ಎಂಬ ಹೆಸರು ಬಂದದ್ದು ಆ ಭರತ ಚಕ್ರವರ್ತಿಯಿಂದ ಎನ್ನುತ್ತಾರೆ. ಒಡಿಶಾದ ಹಾಥಿಗುಂಫಾದಲ್ಲಿ ಜೈನ ದೊರೆ ಖಾರವೇಲನ ಶಾಸನವಿದೆ. ಅದರಲ್ಲಿ ‘ಭರಧವಸ’ ಎಂಬ ಪ್ರಾಕೃತ ರೂಪ ಸಿಗುತ್ತದೆ, ಅಂದರೆ ಭಾರತವರ್ಷ. ಆದರೆ ಅಲ್ಲಿ ಅದು ಇಡೀ ದೇಶವಲ್ಲ, ಉತ್ತರದ ಒಂದು ಭಾಗ. ಹೆಸರು ಹುಟ್ಟಿದಾಗಲೇ ದೊಡ್ಡದಾಗಿರಲಿಲ್ಲ. ಆಮೇಲೆ ವಿಷ್ಣುಪುರಾಣ ಹಿಮಾಲಯದ ದಕ್ಷಿಣಕ್ಕೆ, ಸಮುದ್ರದ ಉತ್ತರಕ್ಕೆ ಇರುವುದೆಲ್ಲ ಭಾರತ ಎಂದಿತು. ಇಂಡಿಯಾ ಕೂಡ ಹಾಗೇ ಬೆಳೆದದ್ದು. ಒಂದು ಹೊಳೆಯ ದಡದಿಂದ ಕನ್ಯಾಕುಮಾರಿಯವರೆಗೆ.

ನಮ್ಮ ಮನೆಗಳಲ್ಲಿ ಪೂಜೆಗೆ ಕೂತಾಗ ಭಟ್ಟರು ಸಂಕಲ್ಪದಲ್ಲಿ ‘ಜಂಬೂದ್ವೀಪೇ ಭರತವರ್ಷೇ ಭರತಖಂಡೇ ದಂಡಕಾರಣ್ಯೇ ಗೋದಾವರ್ಯಾಃ ದಕ್ಷಿಣೇ ತೀರೇ’ ಎನ್ನುತ್ತಾರೆ. ಅದು ಒಂದು ಅಂಚೆ ವಿಳಾಸದ ಹಾಗಿದೆ. ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತ ಬಂದು ನಮ್ಮ ಮನೆ ಬಾಗಿಲಿಗೆ ನಿಲ್ಲುತ್ತದೆ. ಅದರ ಮೊದಲ ಹೆಸರಾದ ಜಂಬೂದ್ವೀಪ, ಅಂದರೆ ನೇರಳೆಯ ದ್ವೀಪ, ಅಶೋಕನ ಶಾಸನಗಳಲ್ಲೂ ಇದೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಬಂಡೆಯಲ್ಲೂ ಇದೆ. ಇನ್ನು ಹಳ್ಳಿಗಳಲ್ಲಿ ‘ಭಾರತ ಓದಿಸ್ತೀವಿ’ ಎಂದರೆ ಕುಮಾರವ್ಯಾಸನನ್ನು ಓದಿಸುವುದು. ದೇಶಕ್ಕೆ ಹಿರಿಯರು ‘ಭರತಖಂಡ’ ಎನ್ನುತ್ತಿದ್ದರು, ‘ಹಿಂದೂದೇಶ’ ಎಂದೂ ಬರೆಯುತ್ತಿದ್ದರು.

ಹಾಗಾದರೆ ಹೊರಗಿನವರು ಕರೆದ ಹೆಸರೆಲ್ಲ ನಿರುಪದ್ರವಿಯೇ? ಖಂಡಿತ ಅಲ್ಲ. ಇಲ್ಲಿ ನನಗೆ ನೋವೂ ಇದೆ, ಸಿಟ್ಟೂ ಇದೆ.

9ನೇ ಶತಮಾನದ ಕವಿರಾಜಮಾರ್ಗ ತಿರುಳುಗನ್ನಡದ ನಾಡು ಯಾವುದೆಂದು ನಾಲ್ಕು ಊರುಗಳ ಹೆಸರು ಹೇಳುತ್ತದೆ. ಅದರಲ್ಲಿ ಕಿಸುವೊಳಲು ಎಂದರೆ ಬಾಗಲಕೋಟೆ ಜಿಲ್ಲೆಯ ಪಟ್ಟದಕಲ್ಲು. ಒಂಕುಂದ ಎಂದರೆ ಬೆಳಗಾವಿ ಜಿಲ್ಲೆಯ ಒಕ್ಕುಂದ. ಕನ್ನಡದ ತಿರುಳೇ ಇಲ್ಲಿತ್ತು. ಆದರೆ ಬ್ರಿಟಿಷರು ಪೇಶ್ವೆಯರಿಂದ ಈ ಭಾಗವನ್ನು ಪಡೆದ ಮೇಲೆ ಬೆಳಗಾವಿ, ಧಾರವಾಡದ ಸೀಮೆಗೆ ‘ಸದರ್ನ್ ಮರಾಠಾ ಕಂಟ್ರಿ’ ಎಂದು ಹೆಸರಿಟ್ಟರು. ಇಲ್ಲಿ ಹಳಿ ಹಾಕಿದ ರೈಲ್ವೆ ಕಂಪನಿಯ ಹೆಸರೂ ‘ಸದರ್ನ್ ಮರಾಠಾ ರೈಲ್ವೆ’. ಇದು ಸವೆದ ಹೆಸರಲ್ಲ. ಹೊಳೆಯಲ್ಲಿ ಉರುಳಿ ಬಂದದ್ದಲ್ಲ. ಮೇಲಿನಿಂದ ತಂದು ಹೊದಿಸಿದ್ದು. ಆ ಹೊದಿಕೆಯ ಕೆಳಗೆ ಕನ್ನಡ ಕಾಣದ ಹಾಗಾಯಿತು. 1880ರಲ್ಲಿ ವಿಜಯಪುರದಲ್ಲಿ ಹುಟ್ಟಿದ ಆಲೂರು ವೆಂಕಟರಾಯರು ತಮ್ಮ ಬಾಳನ್ನೆಲ್ಲ ಸವೆಸಿದ್ದು ಈ ಹೊದಿಕೆ ತೆಗೆಯುವುದಕ್ಕೆ. ‘ಇದು ಕರ್ನಾಟಕ’ ಎಂದು ಕನ್ನಡಿಗರಿಗೇ ಹೇಳಬೇಕಾದ ಕಾಲ ಅದು.

1956ರಲ್ಲಿ ಕನ್ನಡ ನಾಡು ಒಂದಾಯಿತು. ರಾಜ್ಯದ ಹೆಸರು ಮೈಸೂರು ಎಂದೇ ಉಳಿಯಿತು. ಮುಂಬೈ ಪ್ರಾಂತದಿಂದ ಬಂದ ನಮ್ಮ ಹಿರಿಯರಿಗೆ ಅದು ನೆಂಟರ ಮನೆಯ ಹೆಸರಿನಲ್ಲಿ ಬದುಕಿದ ಹಾಗಿತ್ತು. ಕರ್ನಾಟಕ ಎಂಬ ಹೆಸರು ಬರಲು 1973ರ ನವೆಂಬರ್ 1ರವರೆಗೆ ಕಾಯಬೇಕಾಯಿತು. ಅದಾದ ಮೇಲೂ ನಮ್ಮ ಭಾಗ ‘ಬಾಂಬೆ ಕರ್ನಾಟಕ’. ಅದು ‘ಕಿತ್ತೂರು ಕರ್ನಾಟಕ’ ಆದದ್ದು 2021ರಲ್ಲಿ.

ಹಾಗಾಗಿ ನನ್ನ ಅಳತೆಗೋಲು ಇದು: ಈ ಹೆಸರು ನಮ್ಮದೇ ಹೆಸರು ಸವೆದು ಆದದ್ದಾ, ಇಲ್ಲಾ ನಮ್ಮ ಹೆಸರಿನ ಮೇಲೆ ಹೊದಿಸಿದ್ದಾ? ಜರ್ಮನಿಯವರು ತಮ್ಮನ್ನು ಡಾಯ್ಚ್‌ಲಾಂಡ್ ಎನ್ನುತ್ತಾರೆ. ಪಕ್ಕದ ಫ್ರೆಂಚರು ಅಲ್ಲಿನ ಅಲಮನ್ನಿ ಎಂಬ ಒಂದು ಬುಡಕಟ್ಟನ್ನು ಹಿಡಿದು ಅಲ್‌ಮಾನ್ಯ್ ಎಂದರು. ಫಿನ್‌ಲೆಂಡಿನವರು ಸ್ಯಾಕ್ಸನರನ್ನು ಹಿಡಿದು ಸಾಕ್ಸಾ ಎಂದರು. ಪೋಲೆಂಡಿನವರು ಜರ್ಮನರಿಗೆ ಇಟ್ಟ ಹೆಸರಿನ ಮೂಲ ಅರ್ಥ ಮೂಗರು ಎಂದು ಭಾಷಾತಜ್ಞರು ಹೇಳುತ್ತಾರೆ. ಮಾತು ತಿಳಿಯದವರನ್ನು ಹಾಗೆ ಕರೆದಿದ್ದರು. ಯಾವ ಬಾಗಿಲಲ್ಲಿ ಯಾರು ಕಂಡರೋ ಆ ಹೆಸರು. ಇಂಡಿಯಾದ ಕಥೆ ಇದಕ್ಕಿಂತ ಎಷ್ಟೋ ಮೇಲು. ಅದರೊಳಗೆ ನಮ್ಮದೇ ಹೊಳೆ ಹರಿಯುತ್ತಿದೆ.

ಹೆಸರು ಬದಲಿಸಿಕೊಂಡ ದೇಶಗಳೂ ಇವೆ. ಸಿಲೋನ್ 1972ರಲ್ಲಿ ಶ್ರೀಲಂಕಾ ಆಯಿತು. ಸ್ವಾಜಿಲ್ಯಾಂಡ್ 2018ರಲ್ಲಿ ಎಸ್ವಾತಿನಿ ಆಯಿತು. ಟರ್ಕಿ 2022ರಲ್ಲಿ ತನ್ನನ್ನು ಇಂಗ್ಲಿಷಿನಲ್ಲೂ ತುರ್ಕಿಯೆ ಎಂದೇ ಬರೆಯಬೇಕೆಂದು ವಿಶ್ವಸಂಸ್ಥೆಗೆ ಹೇಳಿತು, ಒಪ್ಪಿಗೆಯೂ ಸಿಕ್ಕಿತು. ಅದು ನಮ್ಮ ಬೆಳಗಾವಿಯ ಹಾಗೆ. ಹೆಸರು ಅದೇ, ಉಚ್ಚಾರ ತಮ್ಮದು.

ನಮ್ಮ ದೇಶದ ವಿಷಯ ಸಂವಿಧಾನ ಸಭೆಯಲ್ಲೇ ಚರ್ಚೆಯಾಗಿತ್ತು. 1948ರ ಕರಡಿನಲ್ಲಿ ಇಂಡಿಯಾ ಎಂದಷ್ಟೇ ಇತ್ತು. 1949ರ ಸೆಪ್ಟೆಂಬರ್‌ನಲ್ಲಿ ಅಂಬೇಡ್ಕರ್ ಅವರು ‘ಇಂಡಿಯಾ, ಅಂದರೆ ಭಾರತ’ ಎಂಬ ಒಕ್ಕಣೆ ತಂದರು. ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತರು ಎದ್ದು ನಿಂತರು. ‘ಭಾರತ, ಇಂಗ್ಲಿಷ್ ಭಾಷೆಯಲ್ಲಿ ಇಂಡಿಯಾ’ ಎಂದಿರಲಿ ಎಂದರು. ಐರ್ಲೆಂಡಿನ 1937ರ ಸಂವಿಧಾನ ಹೀಗೇ ‘ಐರೆ, ಇಂಗ್ಲಿಷ್ ಭಾಷೆಯಲ್ಲಿ ಐರ್ಲೆಂಡ್’ ಎನ್ನುತ್ತದೆ ಎಂದು ತೋರಿಸಿದರು. ಸೆಪ್ಟೆಂಬರ್ 18ರಂದು ಕೈ ಎತ್ತಿಸಿದಾಗ ಪರವಾಗಿ 38, ವಿರುದ್ಧ 51. ತಿದ್ದುಪಡಿ ಬಿದ್ದುಹೋಯಿತು. ನನ್ನ ಮನಸ್ಸಿನ ಮಾತು ಹೇಳಬೇಕೆಂದರೆ, ಕಾಮತರ ವಾಕ್ಯವೇ ಹೆಚ್ಚು ಸರಿ ಇತ್ತು. ಒಳಗಿನ ಹೆಸರು ಮೊದಲು, ಹೊರಗಿನದು ಆಮೇಲೆ. ಹಿಂದಿಯ ಸಂವಿಧಾನ ಇಂದಿಗೂ ಹಾಗೇ ಓದುತ್ತದೆ: ಭಾರತ, ಅರ್ಥಾತ್ ಇಂಡಿಯಾ. ಎರಡೂ ಹೆಸರನ್ನು ಉಳಿಸಿಕೊಂಡದ್ದು ಮಾತ್ರ ಆ ಸಭೆಯ ದೊಡ್ಡತನ. ನಾಣ್ಯದಲ್ಲಿ, ಅಂಚೆಚೀಟಿಯಲ್ಲಿ, ಪಾಸ್‌ಪೋರ್ಟಿನಲ್ಲಿ ಎರಡೂ ಇವೆ. 2016ರಲ್ಲೂ 2020ರಲ್ಲೂ ಹೆಸರು ಬದಲಿಸಬೇಕೆಂದು ಸುಪ್ರೀಂ ಕೋರ್ಟಿಗೆ ಹೋದವರಿದ್ದಾರೆ. ಕೋರ್ಟು ಹಾಗೆ ಆದೇಶ ಕೊಡಲಿಲ್ಲ. ಸಂವಿಧಾನದಲ್ಲಿ ಭಾರತ ಆಗಲೇ ಇದೆಯಲ್ಲ ಎಂದು 2020ರಲ್ಲಿ ಹೇಳಿತು.

ಈ ಗದ್ದಲದಲ್ಲಿ ಯಾರೂ ಎತ್ತದ ಒಂದು ಮಾತಿದೆ. ಕನ್ನಡಿಗರಿಗೆ ಅದು ಮುಖ್ಯ. ಆಮಂತ್ರಣದಲ್ಲಿ ಅಚ್ಚಾದದ್ದು ‘ಭಾರತ್’. ಅದು ಹಿಂದಿಯ ಬಾಯಿ. ನಮ್ಮ ಬಾಯಲ್ಲಿ ಅದು ‘ಭಾರತ’, ಕೊನೆಯ ‘ತ’ ಪೂರ್ತಿ. ತಮಿಳಿನಲ್ಲಿ ‘ಭಾರತಂ’. ಬಂಗಾಳಿಯಲ್ಲಿ ‘ಭಾರೋತ್’. ಇನ್ನೂ ಒಂದು ವಿಷಯ ನೋಡಿ. ತಮಿಳರು, ಮಲಯಾಳಿಗಳು ದಿನನಿತ್ಯದ ಮಾತಿನಲ್ಲಿ, ಬರಹದಲ್ಲಿ ಜಾಸ್ತಿ ಬಳಸುವುದು ‘ಇಂದಿಯಾ’, ‘ಇಂದ್ಯ’ ಎಂಬುದನ್ನೇ. ಅವರಿಗೆ ಅದು ಇಂಗ್ಲಿಷ್ ಅಲ್ಲ. ತಮ್ಮ ಭಾಷೆಯೊಳಗೆ ಸವೆದು ಕೂತ ಸ್ವಂತ ಹೆಸರು. ಅದನ್ನು ಗುಲಾಮಗಿರಿ ಎಂದು ಕರೆದರೆ ಅವರ ಮನೆಮಾತಿಗೇ ಕೈ ಹಾಕಿದ ಹಾಗೆ. ಹೆಸರಿಗಾಗಿ ನೂರು ವರ್ಷ ಹೋರಾಡಿದ ನಮ್ಮ ಸೀಮೆಯ ಜನಕ್ಕೆ ಆ ನೋವು ಅರ್ಥವಾಗಬೇಕು.

ಸರ್ಕಾರ ಇಂಗ್ಲಿಷ್ ಪತ್ರದಲ್ಲಿ ಭಾರತ ಎಂದು ಬರೆದರೆ ನನಗೆ ಸಂತೋಷವೇ. ಸಂವಿಧಾನದಲ್ಲಿ ಆ ಹೆಸರಿದೆ, ಬರೆಯಲು ಯಾರ ಅಪ್ಪಣೆಯೂ ಬೇಡ. ಆದರೆ ಇಂಡಿಯಾವನ್ನು ಅಳಿಸಬೇಕೆಂದರೆ ಸಂವಿಧಾನದ ಮೊದಲ ವಿಧಿಗೇ ತಿದ್ದುಪಡಿ ತರಬೇಕು. ನಾನು ಅದಕ್ಕೆ ಒಪ್ಪುವುದಿಲ್ಲ. ಸಿಂಧುವಿನಿಂದ ಹೊರಟು, ದಾರಿಯಸ್‌ನ ಕಲ್ಲು, ಹೆರೊಡೋಟಸ್‌ನ ಪುಸ್ತಕ, ಹ್ಯೂಯೆನ್‌ತ್ಸಾಂಗ್‌ನ ಚಂದ್ರ, ಅರಬರ ಹುಣಸೆ ಎಲ್ಲ ದಾಟಿ ಬಂದ ಹೆಸರು ಅದು.

ಇಷ್ಟನ್ನೂ ಹುಡುಗನಿಗೆ ಹೇಳುವಷ್ಟರಲ್ಲಿ ರಾತ್ರಿ ಊಟದ ಹೊತ್ತು ಮೀರಿತ್ತು. ಅಕ್ಕ ಒಳಗಿನಿಂದ ಎರಡು ಸಲ ಕರೆದಿದ್ದಳು. ಅವನು ಪ್ರಬಂಧದ ಮೊದಲ ಸಾಲನ್ನು ಹೊಡೆದು ಹಾಕಿದ. ಸ್ವಲ್ಪ ಹೊತ್ತು ಪೆನ್ನು ಕಚ್ಚುತ್ತ ಕೂತ. “ಮಾಮಾ, ಹಫ್ತಾದಿಂದ ಶುರು ಮಾಡ್ಲಿ?” ಎಂದ. ಮಾಡು ಎಂದೆ.